ದೋಷದ ನೆಲೆ ಸರಿದ ಬಗೆ: ಹವಾನಿಯಂತ್ರಣ ಫ್ಯಾನ್‌ಗಳ ವಿಎಫ್‌ಡಿ ದೋಷಪತ್ತೆಯ ಚರಿತ್ರೆ

ದೊಡ್ಡ ಕಟ್ಟಡಗಳಲ್ಲಿ ಹವಾನಿಯಂತ್ರಣದ ಫ್ಯಾನ್ ನಿಂತರೆ ಮೆಕ್ಯಾನಿಕ್ ಮೊದಲು ನೋಡುವುದು ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್‌ನ, ಅಂದರೆ ವಿಎಫ್‌ಡಿಯ ಪರದೆಯನ್ನು. ಅಲ್ಲಿ ಟ್ರಿಪ್ ಕೋಡ್ ಕಂಡರೆ ಡ್ರೈವ್ ಕೆಟ್ಟಿದೆ ಎಂದು ತೀರ್ಮಾನಿಸುವ ರೂಢಿ ಇನ್ನೂ ಇದೆ. ಒಂದು ಕಾಲಕ್ಕೆ ಈ ರೂಢಿ ಸರಿಯಾಗಿಯೇ ಇತ್ತು. ಆದರೆ ಡ್ರೈವ್‌ನೊಳಗಿನ ಸ್ವಿಚ್ಚುಗಳು ಸುಧಾರಿಸಿದಂತೆಲ್ಲ ದೋಷದ ನೆಲೆ ಪೆಟ್ಟಿಗೆಯಿಂದ ಹೊರಬಿದ್ದು ಕೇಬಲ್ಲಿಗೆ, ಮೋಟಾರಿನ ವೈಂಡಿಂಗಿಗೆ, ಬೇರಿಂಗಿಗೆ, ಕೊನೆಗೆ ಗಾಳಿಯ ಹರಿವಿಗೇ ಸರಿಯಿತು. ಪರೀಕ್ಷೆಯ ಕ್ರಮ ಅದರ ಜೊತೆಗೆ ಹೆಜ್ಜೆ ಹಾಕಲಿಲ್ಲ ಎಂಬುದೇ ಈ ಲೇಖನದ ವಾದ.

ಡ್ಯಾಂಪರಿನಿಂದ ಡ್ರೈವ್‌ಗೆ

1889ರಲ್ಲಿ ಡೊಲಿವೊ-ಡೊಬ್ರೊವೊಲ್ಸ್ಕಿ ರೂಪಿಸಿದ ಮೂರು ಫೇಸ್‌ಗಳ ಇಂಡಕ್ಷನ್ ಮೋಟಾರು ಗಟ್ಟಿಮುಟ್ಟಾದ ಯಂತ್ರ. ಆದರೆ ಅದರ ವೇಗ ಸರಬರಾಜಿನ ಫ್ರೀಕ್ವೆನ್ಸಿಗೆ ಕಟ್ಟುಬಿದ್ದಿತ್ತು. ಹಾಗಾಗಿ ದಶಕಗಳ ಕಾಲ ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸಿ, ಹೆಚ್ಚಾದ ಗಾಳಿಯನ್ನು ಡ್ಯಾಂಪರುಗಳಿಂದ ತಡೆಯಲಾಗುತ್ತಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಈ ಪೋಲು ಕಣ್ಣಿಗೆ ಕುಕ್ಕತೊಡಗಿತು. ಫ್ಯಾನಿನ ಗಾಳಿ ವೇಗಕ್ಕೆ ನೇರ ಅನುಪಾತದಲ್ಲಿದ್ದರೆ, ಅದು ಎಳೆಯುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗವನ್ನು ಶೇ. 80ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಅರ್ಧ, ಶೇ. 50ಕ್ಕೆ ಇಳಿಸಿದರೆ ಎಂಟನೇ ಒಂದು ಭಾಗ. ಫ್ರೀಕ್ವೆನ್ಸಿಯನ್ನೇ ಬದಲಿಸಿ ವೇಗ ಇಳಿಸುವ ಡ್ರೈವ್‌ಗಳು ಫ್ಯಾನ್ ಕೋಣೆಗೆ ಕಾಲಿಟ್ಟದ್ದು ಈ ಲೆಕ್ಕದ ಬಲದಿಂದ.

ಥೈರಿಸ್ಟರ್ ಕಾಲ: ದೋಷ ಪೆಟ್ಟಿಗೆಯೊಳಗೆ

ಜನರಲ್ ಎಲೆಕ್ಟ್ರಿಕ್ 1957ರಲ್ಲಿ ಥೈರಿಸ್ಟರ್ ಎಂಬ ಅರೆವಾಹಕ ಸ್ವಿಚ್ಚನ್ನು ತಯಾರಿಸಿತು. 1964ರಲ್ಲಿ ಶೋನುಂಗ್ ಮತ್ತು ಸ್ಟೆಮ್ಲರ್ ಪಲ್ಸ್‌ಗಳ ಅಗಲ ಬದಲಿಸಿ ಎಸಿ ಅಲೆಯನ್ನು ರೂಪಿಸುವ ವಿಧಾನವನ್ನು ವಿವರಿಸಿದರು. ಡ್ಯಾನ್‌ಫಾಸ್ ಕಂಪನಿಯ ವಿಎಲ್‌ಟಿ 5 ಎಂಬ ಡ್ರೈವ್ 1968ರಲ್ಲಿ ಮಾರುಕಟ್ಟೆಗೆ ಬಂತು.

ಥೈರಿಸ್ಟರನ್ನು ಗೇಟ್ ಪಲ್ಸ್‌ನಿಂದ ಚಾಲೂ ಮಾಡಬಹುದು, ಆರಿಸಲಾಗದು. ಡಿಸಿ ಮೂಲದಿಂದ ಓಡುವ ಇನ್ವರ್ಟರಿನಲ್ಲಿ ಆರಿಸಲೆಂದೇ ಕೆಪಾಸಿಟರ್, ಇಂಡಕ್ಟರುಗಳ ಪ್ರತ್ಯೇಕ ಸರ್ಕ್ಯೂಟ್ ಬೇಕು. ಅದು ಒಂದು ಕ್ಷಣ ತಪ್ಪಿದರೂ ಒಂದೇ ಕಾಲಿನ ಎರಡೂ ಥೈರಿಸ್ಟರುಗಳು ಒಟ್ಟಿಗೆ ಹರಿದು, ಇನ್ವರ್ಟರಿಗೆ ಡಿಸಿ ಒದಗಿಸುವ ಡಿಸಿ ಬಸ್ ಶಾರ್ಟ್ ಆಗಿ ಫ್ಯೂಸ್ ಹಾರುತ್ತಿತ್ತು. ಆಗಿನ ದೋಷಪತ್ತೆ ಎಂದರೆ ಸುಟ್ಟ ಭಾಗದ ಹುಡುಕಾಟ: ಮೀಟರಿನಿಂದ ಥೈರಿಸ್ಟರುಗಳನ್ನು ಅಳೆಯುವುದು, ಆಸಿಲೋಸ್ಕೋಪಿನಲ್ಲಿ ಗೇಟ್ ಪಲ್ಸ್ ನೋಡುವುದು, ಕಾರ್ಡ್ ಬದಲಿಸುವುದು. ‘ಮೊದಲು ಡ್ರೈವ್ ಬಿಚ್ಚು’ ಎಂಬ ಅಭ್ಯಾಸದ ಬೇರು ಇಲ್ಲಿದೆ.

ಐಜಿಬಿಟಿ ಕಾಲ: ದೋಷ ಕೇಬಲ್ಲಿನಲ್ಲಿ

1980ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಬಿ. ಜಯಂತ್ ಬಾಳಿಗಾ ಐಜಿಬಿಟಿ ಎಂಬ ಹೊಸ ಸ್ವಿಚ್ಚನ್ನು ಅಭಿವೃದ್ಧಿಪಡಿಸಿದರು. ಈ ಸಾಧನವನ್ನು ಗೇಟಿನಿಂದಲೇ ಆರಿಸಬಹುದು. ಸೆಕೆಂಡಿಗೆ ಸಾವಿರಾರು ಬಾರಿ ಸ್ವಿಚ್ ಮಾಡಬಹುದು. ಡ್ರೈವ್ ಚಿಕ್ಕದಾಯಿತು, ಅಗ್ಗವಾಯಿತು, ಮೋಟಾರಿನ ಕಿರುಚಾಟವೂ ತಗ್ಗಿತು.

ಆದರೆ ವೋಲ್ಟೇಜು ಸುಮಾರು 0.1 ಮೈಕ್ರೋಸೆಕೆಂಡಿನಲ್ಲಿ ಸೊನ್ನೆಯಿಂದ ತುದಿಗೇರತೊಡಗಿತು. ಕೇಬಲ್ಲಿನಲ್ಲಿ ಅಲೆಯ ವೇಗ ಮೈಕ್ರೋಸೆಕೆಂಡಿಗೆ ಸುಮಾರು 150 ಮೀಟರ್. ಮೋಟಾರಿನ ತುದಿಯಲ್ಲಿ ಅದು ಪ್ರತಿಫಲಿಸಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಲೆ ಏರಲು 2 ಮೈಕ್ರೋಸೆಕೆಂಡ್ ಹಿಡಿದರೆ ಇಮ್ಮಡಿಯಾಗಲು 150 ಮೀಟರ್ ಕೇಬಲ್ ಬೇಕು, 0.1 ಮೈಕ್ರೋಸೆಕೆಂಡಾದರೆ ಎಂಟು ಮೀಟರೇ ಸಾಕು. 415 ವೋಲ್ಟ್ ಸರಬರಾಜಿನಲ್ಲಿ ಡಿಸಿ ಬಸ್ ಸುಮಾರು 587 ವೋಲ್ಟ್ ಇರುವುದರಿಂದ ಮೋಟಾರಿನ ಟರ್ಮಿನಲ್ಲಿಗೆ 1,100 ವೋಲ್ಟ್ ಮೀರಿದ ಹೊಡೆತ ಬೀಳುತ್ತದೆ. ಪ್ಯಾನೆಲ್ ಕೆಳಮಹಡಿಯಲ್ಲಿದ್ದು ಫ್ಯಾನ್ ತಾರಸಿಯಲ್ಲಿದ್ದರೆ ಕೇಬಲ್ ಎಂಟು ಮೀಟರಿನಲ್ಲಿ ಮುಗಿಯುವ ಮಾತೇ ಇಲ್ಲ.

ಎರಿಕ್ ಪರ್ಸನ್ 1992ರ ಪ್ರಬಂಧದಲ್ಲಿ ಈ ಪ್ರತಿಫಲನವನ್ನು ವಿಶ್ಲೇಷಿಸಿದರು. ಅಮೆರಿಕದ ನೆಮಾ ಮಾನಕ 0.1 ಮೈಕ್ರೋಸೆಕೆಂಡ್ ಏರಿಕೆಯ 1,600 ವೋಲ್ಟ್ ಹೊಡೆತ ತಾಳಬಲ್ಲ ಇನ್ವರ್ಟರ್-ಡ್ಯೂಟಿ ಮೋಟಾರುಗಳನ್ನು ನಿರೂಪಿಸಿತು. ಇಂಥ ದೋಷದ ಗುರುತು ರಿವೈಂಡಿಂಗ್ ಅಂಗಡಿಯ ಮೇಜಿನ ಮೇಲೆ ಸಿಗುತ್ತದೆ: ಟರ್ಮಿನಲ್ಲಿಗೆ ಹತ್ತಿರದ ಮೊದಲ ಕೆಲವು ಸುತ್ತುಗಳಷ್ಟೇ ಸುಟ್ಟಿರುತ್ತವೆ, ಉಳಿದ ತಾಮ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಓವರ್‌ಲೋಡಿನಿಂದ ಸುಟ್ಟ ಮೋಟಾರಿನಲ್ಲಾದರೆ ವೈಂಡಿಂಗ್ ಪೂರ್ತಿ ಕಪ್ಪಾಗಿರುತ್ತದೆ.

ಬೇರಿಂಗಿನ ಪುರಾವೆ

ಶಾಫ್ಟ್ ಕರೆಂಟ್ ಹೊಸ ಸಂಗತಿಯೇನಲ್ಲ. ಆಲ್ಜರ್ ಮತ್ತು ಸ್ಯಾಮ್ಸನ್ 1924ರಲ್ಲೇ ಅದನ್ನು ಕುರಿತು ಬರೆದಿದ್ದರು. ಆಗ ಕಾರಣ ಯಂತ್ರದ ಕಾಂತೀಯ ಅಸಮತೆ; ಒಂದು ಬೇರಿಂಗಿಗೆ ಇನ್ಸುಲೇಷನ್ ಕೊಟ್ಟರೆ ಸುತ್ತುವ ಕರೆಂಟಿನ ದಾರಿ ಕಡಿಯುತ್ತಿತ್ತು. 1990ರ ದಶಕದ ನಡುವಿನಲ್ಲಿ ಬುಸ್ಸೆ, ಎರ್ಡ್‌ಮನ್, ಕರ್ಕ್‌ಮನ್ ಮೊದಲಾದವರ ಅಧ್ಯಯನಗಳು ಬೇರೆ ಕಾರಣವನ್ನು ತೋರಿಸಿದವು. ಡ್ರೈವ್‌ನ ಮೂರು ಫೇಸ್‌ಗಳ ವೋಲ್ಟೇಜುಗಳನ್ನು ಕೂಡಿದರೆ ಸೊನ್ನೆ ಬರುವುದಿಲ್ಲ. ಆ ಶೇಷ ಸ್ಟೇಟರಿನಿಂದ ರೋಟರಿಗೆ ಕೆಪಾಸಿಟರಿನಂತೆ ದಾಟಿ ಶಾಫ್ಟನ್ನು ಚಾರ್ಜ್ ಮಾಡುತ್ತದೆ. ಗ್ರೀಸಿನ ತೆಳುಪದರ ತಾಳಲಾರದೆ ಕಿಡಿ ಹಾರುತ್ತದೆ. ಲೆಕ್ಕವಿಲ್ಲದಷ್ಟು ಕಿಡಿಗಳ ನಂತರ ಬೇರಿಂಗಿನ ರೇಸಿನಲ್ಲಿ ಅಡ್ಡಡ್ಡ ಸಮಾನಾಂತರ ಗೆರೆಗಳು ಮೂಡುತ್ತವೆ. ಒಂದೇ ಬೇರಿಂಗಿಗೆ ಇನ್ಸುಲೇಷನ್ ಕೊಡುವ ಹಳೆಯ ಮದ್ದು ಇಲ್ಲಿ ಪೂರ್ತಿ ನಾಟುವುದಿಲ್ಲ. ಚಾರ್ಜು ಇನ್ನೊಂದು ಬೇರಿಂಗಿನ ಮೂಲಕ ಇಳಿಯುತ್ತದೆ. ಶಾಫ್ಟ್ ಅರ್ಥಿಂಗ್ ರಿಂಗ್ ಬಳಕೆಗೆ ಬಂದದ್ದು ಇದಕ್ಕಾಗಿ. ಇಷ್ಟೆಲ್ಲ ನಡೆದರೂ ಡ್ರೈವ್‌ನ ಪರದೆಯಲ್ಲಿ ಯಾವ ಕೋಡೂ ಮೂಡದಿರಬಹುದು.

ಕೋಡ್ ಹೇಳುವುದೆಷ್ಟು?

ಮೈಕ್ರೋಪ್ರೊಸೆಸರ್ ಬಂದ ಮೇಲೆ ಡ್ರೈವ್ ತನ್ನ ಟ್ರಿಪ್ಪುಗಳನ್ನು ತಾನೇ ದಾಖಲಿಸತೊಡಗಿತು. ಫ್ಯಾನ್‌ಗಳಲ್ಲಿ ಪದೇಪದೇ ಕಾಣುವ ‘ಓವರ್‌ವೋಲ್ಟೇಜ್’ ಕೋಡನ್ನೇ ನೋಡೋಣ. ಭಾರವಾದ ಫ್ಯಾನನ್ನು ಬೇಗ ನಿಲ್ಲಿಸಹೊರಟರೆ ಮೋಟಾರು ಜನರೇಟರಾಗುತ್ತದೆ. ಇನ್‌ಪುಟ್ಟಿನ ಡಯೋಡುಗಳು ಆ ಶಕ್ತಿಯನ್ನು ಲೈನಿಗೆ ಮರಳಿಸಲಾರವು. ಡಿಸಿ ಬಸ್ ಏರುತ್ತಾ ಹೋಗಿ ಸುಮಾರು 800 ವೋಲ್ಟ್ ಹೊತ್ತಿಗೆ ಡ್ರೈವ್ ಟ್ರಿಪ್ ಆಗುತ್ತದೆ. ಇಲ್ಲಿ ಡ್ರೈವ್ ಕೆಟ್ಟಿಲ್ಲ, ನಿಲುಗಡೆಯ ಸಮಯ ಕಡಿಮೆಯಾಗಿದೆ ಅಷ್ಟೆ. ಒಂದೇ ಡಕ್ಟಿಗೆ ಎರಡು ಫ್ಯಾನ್‌ಗಳಿದ್ದು, ನಿಂತ ಫ್ಯಾನಿನ ಡ್ಯಾಂಪರ್ ಸರಿಯಾಗಿ ಮುಚ್ಚದಿದ್ದರೆ, ಅದು ಗಾಳಿಯ ಒತ್ತಡಕ್ಕೆ ಉಲ್ಟಾ ತಿರುಗುತ್ತಿರುತ್ತದೆ. ಚಾಲೂ ಮಾಡಿದೊಡನೆ ಓವರ್‌ಕರೆಂಟ್. ತಿರುಗುವ ಮೋಟಾರನ್ನು ಗುರುತಿಸಿ ಹಿಡಿಯುವ ಫ್ಲೈಯಿಂಗ್ ಸ್ಟಾರ್ಟ್ ಸೌಲಭ್ಯ ಟ್ರಿಪ್ಪನ್ನು ತಪ್ಪಿಸುತ್ತದೆ, ಡ್ಯಾಂಪರನ್ನು ರಿಪೇರಿ ಮಾಡುವುದಿಲ್ಲ.

ಸಮಾರೋಪ

ಕೋಡ್ ತೋರಿಸುವುದು ತೊಂದರೆ ಎಲ್ಲಿ ಅಳತೆಗೆ ಸಿಕ್ಕಿತು ಎಂಬುದನ್ನು. ಅದು ಎಲ್ಲಿ ಹುಟ್ಟಿತು ಎಂಬುದನ್ನಲ್ಲ. ಥೈರಿಸ್ಟರ್ ಕಾಲದಲ್ಲಿ ಇವೆರಡೂ ಒಂದೇ ಪೆಟ್ಟಿಗೆಯಲ್ಲಿದ್ದವು, ಈಗ ಬೇರೆಯಾಗಿವೆ. ಆದುದರಿಂದ ನಿರ್ವಹಣೆಯ ರಿಜಿಸ್ಟರಿನಲ್ಲಿ ಕೋಡಿನ ಜೊತೆಗೆ ಟ್ರಿಪ್ ಆದ ಹೊತ್ತಿನ ವೇಗ, ಡಿಸಿ ಬಸ್ ವೋಲ್ಟೇಜ್, ಕೇಬಲ್ಲಿನ ಉದ್ದ, ಡ್ಯಾಂಪರಿನ ಸ್ಥಿತಿ ಇಷ್ಟಾದರೂ ದಾಖಲಾಗಬೇಕು. ತೆಗೆದ ಬೇರಿಂಗನ್ನು ಸೀಳಿ ನೋಡದೆ ಗುಜರಿಗೆ ಹಾಕಬಾರದು. ಇದಿಲ್ಲದೆ ಡ್ರೈವ್ ಬದಲಿಸಿದರೆ ಬಂದ ಹೊಸ ಡ್ರೈವ್ ಅದೇ ಕೋಡನ್ನು ಮತ್ತೆ ತೋರಿಸುತ್ತದೆ.