ಸೈಕಲ್ ಸಾಲಿನ ಗೆಳೆತನ

ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಖಂಡ ವಿಜಾಪುರ ಜಿಲ್ಲೆಯ ಕಾಲದಿಂದಲೂ ನಮ್ಮ ಸೀಮೆ ಸೈಕ್ಲಿಂಗ್‌ಗೆ ಹೆಸರಾದದ್ದು. ರಾಜ್ಯ ತಂಡದಲ್ಲಿ ಓಡಿದ ಅನೇಕರು ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ರೈತಾಪಿ ಮನೆಗಳ ಮಕ್ಕಳು.

ಸೈಕಲ್ ಓಟದಲ್ಲಿ ಮುಂದಿನವನು ಗಾಳಿ ಸೀಳಿದರೆ ಬೆನ್ನಿಗಿರುವವನಿಗೆ ಶ್ರಮ ಬಹಳ ಉಳಿಯುತ್ತದೆ. ಅದಕ್ಕೇ ಸರದಿಯಂತೆ ಒಬ್ಬೊಬ್ಬರು ಮುಂದಾಗುತ್ತಾರೆ. ಹುನಗುಂದ–ಇಳಕಲ್ ಬಯಲು ರಸ್ತೆಯ ಎದುರುಗಾಳಿಯಲ್ಲಿ ನಮ್ಮ ಓಣಿಯ ಹುಡುಗರು ಇದನ್ನು ತಾವೇ ಕಲಿತರು.

ಆಗ ಓಣಿಗೆ ಒಂದೆರಡೇ ಸೈಕಲ್. ಉಳಿದವರು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಿದ್ದರು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ, ರಜೆಯಲ್ಲಿ ಕೂಡಲಸಂಗಮಕ್ಕೆ ಕೂಡಿಯೇ ಪಯಣ. ಒಬ್ಬನ ಗಾಲಿ ಪಂಕ್ಚರ್ ಆದರೆ ಎಲ್ಲರೂ ಇಳಿದು ನಡೆಯುತ್ತಿದ್ದರು. ಯಾರದು ಯಾವ ಜಾತಿ ಎಂದು ಆ ಸಾಲಿನಲ್ಲಿ ಕೇಳಿದವರಿಲ್ಲ.

ಆದರೆ ಆ ಸಾಲಿನಲ್ಲಿ ಹುಡುಗಿಯರಿರಲಿಲ್ಲ. 2006-07ರಲ್ಲಿ ಸರ್ಕಾರ 8ನೇ ತರಗತಿಗೆ ಉಚಿತ ಸೈಕಲ್ ಯೋಜನೆ ತಂದ ಮೇಲೆ ಅದು ಬದಲಾಯಿತು. ಏಳನೇತ್ತೆ ಮುಗಿದೊಡನೆ ಮಗಳನ್ನು ಶಾಲೆ ಬಿಡಿಸುತ್ತಿದ್ದ ಮನೆಯವರು, "ನಾಲ್ಕೈದು ಹುಡಿಗ್ಯಾರು ಕೂಡಿ ಹೊಕ್ಕಾರಲ್ಲ, ಹೋಗಲಿ ಬಿಡ್ರಿ" ಎಂದರು. ಧೈರ್ಯ ಕೊಟ್ಟದ್ದು ಸೈಕಲ್ ಮಾತ್ರವಲ್ಲ, ಜೊತೆಗಾರ್ತಿಯರೂ ಹೌದು. ಹಾಗೆ ಬಂದವರಲ್ಲಿ ಕೆಲವರು ಇಂದು ಶಿಕ್ಷಕಿಯರು, ನರ್ಸುಗಳು.

ಶಾಲೆಯ 50 ವರ್ಷಗಳ ಚರಿತ್ರೆಯಲ್ಲಿ ಕೊಠಡಿ, ಫಲಿತಾಂಶಗಳ ಜೊತೆಗೆ ಈ ಸಾಲಿಗೂ ಜಾಗವಿರಲಿ. ಹಳೆಯ ವಿದ್ಯಾರ್ಥಿಗಳಾದ ನಾವು ಶಾಲೆಯಲ್ಲಿ ಒಂದು ಪಂಪು, ಒಂದು ಪಂಕ್ಚರ್ ಪೆಟ್ಟಿಗೆ ಇಡೋಣ. ಗಾಲಿ ಕೆಟ್ಟಿತೆಂದು ಯಾವ ಮಗುವೂ ಶಾಲೆ ತಪ್ಪಿಸದಿರಲಿ.