ಶಾಲೆ ಬಿಟ್ಟು ಓಡಿದವನ ಹೆಸರಲ್ಲಿ ಒಂದು ಪ್ರಶಸ್ತಿ

ನಮ್ಮ ಆಫೀಸಿನ ರನ್ನಿಂಗ್ ಗುಂಪಿನಲ್ಲಿ ಒಂದು ನಿಯಮವಿದೆ. ಇವತ್ತು ಜೋರಾಗಿ ಓಡಿದರೆ ನಾಳೆ ಬರೀ ನಡಿಗೆ. ಅದಕ್ಕೆ ‘ರಿಕವರಿ’ ಅಂತ ಹೆಸರು. ನೂರು ವರ್ಷಗಳ ಹಿಂದೆ ಹೀಗೇ ತರಬೇತಿ ಮಾಡುತ್ತಿದ್ದ ಕೆನಡಾದ ಓಟಗಾರನೊಬ್ಬನನ್ನು ಪತ್ರಿಕೆಗಳು ‘ಸೋಮಾರಿ’ ಅಂದವು. ಅವನೇ ಟಾಮ್ ಲಾಂಗ್‌ಬೋಟ್.

ಒಂಟಾರಿಯೋದ ಸಿಕ್ಸ್ ನೇಷನ್ಸ್ ಪ್ರದೇಶದ, ಓನಂಡಾಗ ಎಂಬ ಮೂಲನಿವಾಸಿ ಜನಾಂಗದ ಹುಡುಗ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರೆ ಮಾಡಿ, ಅವರ ಭಾಷೆ, ನಂಬಿಕೆ ಎಲ್ಲ ಮರೆಸುವ ವಸತಿ ಶಾಲೆಗಳ ಕಾಲ ಅದು. ಮೊಹಾಕ್ ಇನ್‌ಸ್ಟಿಟ್ಯೂಟ್ ಎಂಬ ಅಂಥ ಶಾಲೆಯಿಂದ ಟಾಮ್ ತಪ್ಪಿಸಿಕೊಂಡ. ಹಿಡಿದು ತಂದರು. ಮತ್ತೆ ಓಡಿದ. ಮುಂದೆ ಹೆಸರು ಮಾಡಿದ ಮೇಲೆ ಆ ಶಾಲೆಯವರು ಭಾಷಣಕ್ಕೆ ಕರೆದರೆ, ‘ಅಲ್ಲಿಗೆ ನನ್ನ ನಾಯಿಯನ್ನೂ ಕಳಿಸಲ್ಲ’ ಅಂದನಂತೆ.

1907ರಲ್ಲಿ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 24 ನಿಮಿಷ 24 ಸೆಕೆಂಡಿನಲ್ಲಿ ಗೆದ್ದ. ಆಗಿನ ದೂರ ಈಗಿನದಕ್ಕಿಂತ ತುಸು ಕಡಿಮೆ, ನಿಜ. ಆದರೆ ಅದೇ ಹಾದಿಯ ಹಳೆಯ ದಾಖಲೆಗಿಂತ ಸುಮಾರು 5 ನಿಮಿಷ ಬೇಗ! ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೈನ್ಯದ ಸಂದೇಶ ಹೊತ್ತು ಓಡಿದ. ಆಮೇಲೆ ಟೊರಾಂಟೋದಲ್ಲಿ ಬೀದಿ ಗುಡಿಸುವ ಕೆಲಸ ಮಾಡಿ, 1949ರಲ್ಲಿ ತೀರಿಕೊಂಡ.

ಎರಡೇ ವರ್ಷಕ್ಕೆ, 1951ರಲ್ಲಿ, ಶ್ರೇಷ್ಠ ಮೂಲನಿವಾಸಿ ಕ್ರೀಡಾಪಟುಗಳಿಗಾಗಿ ಟಾಮ್ ಲಾಂಗ್‌ಬೋಟ್ ಪ್ರಶಸ್ತಿ ಶುರುವಾಯಿತು. ಶುರು ಮಾಡಿದ್ದು ಯಾರು? ಒಂದು ಕ್ರೀಡಾ ಒಕ್ಕೂಟದ ಜೊತೆ ಸೇರಿ, ಕೆನಡಾ ಸರ್ಕಾರದ ‘ಇಂಡಿಯನ್’ ವ್ಯವಹಾರಗಳ ಇಲಾಖೆ. ಮೂಲನಿವಾಸಿಗಳನ್ನು ಆಗ ಹಾಗೆ ಕರೆಯುತ್ತಿದ್ದರು. ಟಾಮ್ ಓಡಿಹೋದನಲ್ಲ, ಅಂಥ ಶಾಲೆಗಳ ವ್ಯವಸ್ಥೆಯನ್ನು ನಡೆಸುತ್ತಿದ್ದದ್ದೂ ಇದೇ ಇಲಾಖೆ.

ಇಲಾಖೆಯ ಲೆಕ್ಕ ಬೇರೆಯೇ ಇತ್ತು. ಆಟ ಆಡಿಸಿದರೆ ಈ ಮಕ್ಕಳು ಶಿಸ್ತು ಕಲಿತು ‘ನಮ್ಮಂತೆ’ ಆಗುತ್ತಾರೆ ಅಂತ. ಈ ಪ್ರಶಸ್ತಿಯ ಚರಿತ್ರೆ ಬರೆದ ಜಾನಿಸ್ ಫಾರ್ಸೈತ್ ಇದನ್ನು ಬಿಡಿಸಿ ತೋರಿಸಿದ್ದಾರೆ. ವಿಚಿತ್ರ ನೋಡಿ, ತಮ್ಮ ಕಾನೂನುಬದ್ಧ ಮೂಲನಿವಾಸಿ ಸ್ಥಾನ ಬಿಟ್ಟುಕೊಡದೆ ಈ ಜನರೆಲ್ಲ ದೇಶದ ಚುನಾವಣೆಯಲ್ಲಿ ಮತ ಹಾಕುವಂತಾದದ್ದು 1960ರಲ್ಲಿ. ಪದಕ ಮೊದಲು ಬಂತು, ಮತ ಆಮೇಲೆ.

ಆದರೆ ಕತೆ ಅಲ್ಲಿಗೇ ನಿಲ್ಲಲಿಲ್ಲ. 1970ರ ದಶಕದಲ್ಲಿ ಪ್ರಶಸ್ತಿಯ ಜವಾಬ್ದಾರಿ ಮೂಲನಿವಾಸಿಗಳ ರಾಷ್ಟ್ರೀಯ ಸಂಘಟನೆಯ ಕಡೆಗೆ ಬಂತು. 1990ರ ದಶಕದ ಕೊನೆಯಲ್ಲಿ ಅವರದ್ದೇ ಕ್ರೀಡಾ ಸಂಸ್ಥೆಯಾದ ಅಬಾರಿಜಿನಲ್ ಸ್ಪೋರ್ಟ್ ಸರ್ಕಲ್ ಅದನ್ನು ವಹಿಸಿಕೊಂಡಿತು. ಈ ಪ್ರಶಸ್ತಿ ಪಡೆದವರಲ್ಲಿ ಮೊಹಾಕ್ ಜನಾಂಗದ ಆಲ್ವಿನ್ ಮಾರಿಸ್ ಒಬ್ಬರು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕಯಾಕ್ ಸ್ಪರ್ಧೆಯ ಚಿನ್ನ ಗೆದ್ದು, ವೇದಿಕೆಯ ಮೇಲೆ ಹದ್ದಿನ ಗರಿ ಎತ್ತಿ ಹಿಡಿದರು. ‘ನಮ್ಮಂತೆ ಆಗಲಿ’ ಅಂತ ಹುಟ್ಟಿಸಿದ ಪ್ರಶಸ್ತಿ ಪಡೆದವರು ತಮ್ಮಂತೆಯೇ ಉಳಿದಿದ್ದರು.

ಕರ್ನಾಟಕದ ಕ್ರೀಡಾ ಪ್ರಶಸ್ತಿಯ ಹೆಸರು ಏಕಲವ್ಯ. ದೆಹಲಿಯಲ್ಲಿ ಕೋಚ್‌ಗಳಿಗೆ ಕೊಡುವುದು ದ್ರೋಣಾಚಾರ್ಯ. ಹೆಬ್ಬೆರಳು ಕೊಟ್ಟವನಿಗೂ ಕೇಳಿದವನಿಗೂ ನಾವು ಒಂದೊಂದು ಪ್ರಶಸ್ತಿ ಇಟ್ಟಿದ್ದೇವೆ. ಹೆಸರಿಡೋದು ಸುಲಭ. ಆ ಪ್ರಶಸ್ತಿ ಯಾರಿಗೆ ಅಂತ ತೀರ್ಮಾನಿಸೋ ಜಾಗದಲ್ಲಿ ಯಾರು ಕೂತಿದ್ದಾರೆ ಅನ್ನೋದೇ ಪ್ರಶ್ನೆ. ಲಾಂಗ್‌ಬೋಟ್‌ನ ಜನ ಆ ಜಾಗಕ್ಕೆ ಬರೋಕೆ 20 ವರ್ಷಕ್ಕೂ ಹೆಚ್ಚು ಹಿಡಿಯಿತು.