ಶೋಧಿಸು, ಸಂಶೋಧಿಸು

ಮನೆಯಲ್ಲಿ ಕಷಾಯ ಕುದಿಸಿದವರು ಅದನ್ನು ಬಟ್ಟೆಯಲ್ಲಿ ಶೋಧಿಸುತ್ತಾರೆ. ಪೊಲೀಸರು ಮನೆಗೆ ಬಂದರೆ ಮನೆಯನ್ನೇ ಶೋಧಿಸುತ್ತಾರೆ. ವಿಶ್ವವಿದ್ಯಾಲಯದ ಅಧ್ಯಾಪಕರು ಸಂಶೋಧಿಸುತ್ತಾರೆ. ಈ ಮೂರಕ್ಕೂ ಬೇರು ಸಂಸ್ಕೃತದ ‘ಶುಧ್’ ಧಾತು. ಶುದ್ಧವಾಗು ಎಂದು ಅದರ ಅರ್ಥ. ಅದರ ಪ್ರೇರಣಾರ್ಥಕ ರೂಪದಿಂದ ಹುಟ್ಟಿದ ‘ಶೋಧನ’ವೆಂದರೆ ಶುದ್ಧಗೊಳಿಸುವುದು. ಹುಡುಕುವ ಅರ್ಥ ಇದರ ಮಗ್ಗುಲಲ್ಲೇ ಬೆಳೆಯಿತು. ಕಸವನ್ನು ತೆಗೆಯಬೇಕಾದವರು ಕಸ ಎಲ್ಲಿದೆಯೆಂದು ಮೊದಲು ಕಣ್ಣಿಟ್ಟು ನೋಡಲೇಬೇಕಲ್ಲ.

ಚರಕಸಂಹಿತೆಯಲ್ಲಿ ಸಂಶೋಧನವೆಂಬುದು ಒಂದು ಚಿಕಿತ್ಸೆ. ಕೆಟ್ಟ ದೋಷವನ್ನು ದೇಹದಿಂದ ಹೊರಹಾಕುವುದು ಸಂಶೋಧನ, ಇದ್ದಲ್ಲೇ ತಣಿಸುವುದು ಸಂಶಮನ. ರಸಶಾಸ್ತ್ರದವರು ಪಾದರಸವನ್ನು ಔಷಧಕ್ಕೆ ಬಳಸುವ ಮುನ್ನ ಅದಕ್ಕೆ ಶೋಧನ ಮಾಡುತ್ತಾರೆ. ಋಣಶೋಧನವೆಂದರೆ ಸಾಲ ತೀರಿಸಿ ಲೆಕ್ಕ ಚುಕ್ತಾ ಮಾಡುವುದು. ಮುಂಬಯಿಯ ನಿರ್ಣಯಸಾಗರದಂಥ ಮುದ್ರಣಾಲಯಗಳ ಹಳೆಯ ಸಂಸ್ಕೃತ ಪುಸ್ತಕಗಳಲ್ಲಿ ವಿದ್ವಾಂಸರ ಹೆಸರಿನ ಜೊತೆಗೆ ಬರುವ ‘ಸಂಶೋಧಿತ’ ಎಂಬ ಮಾತಿಗೆ ತಪ್ಪು ತಿದ್ದಿದ್ದು, ಪಾಠ ಪರಿಷ್ಕರಿಸಿದ್ದು ಎಂದು ಅರ್ಥ. ಹಿಂದಿ ಈ ಅರ್ಥವನ್ನು ಇಂದಿಗೂ ಬಿಟ್ಟಿಲ್ಲ. ನಾವು ಸಂವಿಧಾನದ ತಿದ್ದುಪಡಿ ಎನ್ನುವುದನ್ನು ಅವರು ಸಂವಿಧಾನ ಸಂಶೋಧನ ಎನ್ನುತ್ತಾರೆ. ನಾವು ಸಂಶೋಧನೆ ಎನ್ನುವುದಕ್ಕೆ ಅವರಲ್ಲಿ ಶೋಧ, ಅನುಸಂಧಾನ ಎಂಬ ಬೇರೆ ಪದಗಳಿವೆ. ಬಂಗಾಳಿ ಮತ್ತು ಮಲಯಾಳಂಗಳು ಗವೇಷಣೆಯನ್ನು ಆರಿಸಿಕೊಂಡವು; ಅದರೊಳಗೆ ಕಳೆದುಹೋದ ಗೋವನ್ನು ಅರಸುವ ಅರ್ಥವಿದೆ. ಸಂಶೋಧನವನ್ನೇ ವಿದ್ವತ್ತಿನ ಪದವಾಗಿ ಉಳಿಸಿಕೊಂಡವರಲ್ಲಿ ಮರಾಠಿಗರೂ ಕನ್ನಡಿಗರೂ ಇದ್ದಾರೆ. ಪುಣೆಯಲ್ಲಿ 1910ರಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಹುಟ್ಟಿತು. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ.

ಈ ಆಯ್ಕೆಯ ಬಗ್ಗೆ ನನಗೆ ಹೆಮ್ಮೆಯಿದೆ. ಕನ್ನಡದಲ್ಲಿ ಈ ಪದಕ್ಕೆ ತೂಕ ತಂದವರು ಶಾಸನ ಮತ್ತು ಓಲೆಗರಿಗಳ ಮುಂದೆ ಕುಳಿತವರು. ಗೋವಿಂದ ಪೈ, ಚಿದಾನಂದಮೂರ್ತಿ, ಕಲಬುರ್ಗಿ ಇವರ ಪರಂಪರೆಯಲ್ಲಿ ಹುಡುಕುವುದೂ ತಿದ್ದುವುದೂ ಒಂದೇ ಕೆಲಸ. ಹಲವು ಪ್ರತಿಗಳನ್ನು ಹೋಲಿಸಿ ಲಿಪಿಕಾರನ ತಪ್ಪು ಯಾವುದು, ಕವಿಯ ಪಾಠ ಯಾವುದು ಎಂದು ಬಿಡಿಸುವಾಗ ಪದದ ಹಳೆಯ ಅರ್ಥ ಪೂರ್ತಿ ಜೀವಂತವಾಗಿತ್ತು. ವಿಶ್ವವಿದ್ಯಾಲಯ ಬೆಳೆದಂತೆ ಅದು ಸೊರಗಿತು. ಪಿಎಚ್‌.ಡಿ., ಜರ್ನಲ್ಲಿನ ಲೇಖನ, ಪ್ರಾಜೆಕ್ಟು ಇವಿಷ್ಟೇ ಸಂಶೋಧನೆಯಾದವು. ಹೊಸದನ್ನು ಹುಡುಕುವ ಅರ್ಧ ಉಳಿಯಿತು, ಕೈಯಲ್ಲಿರುವುದನ್ನು ಸೋಸಿ ತಿದ್ದುವ ಅರ್ಧ ಜಾರಿತು.

ಸಂಶೋಧನೆಯ ಪಕ್ಕದಲ್ಲೇ ಇರುವ ಇನ್ನೊಂದು ಪದ ಬೋಧನೆ. ಅದೂ ಪ್ರೇರಣಾರ್ಥಕವೇ. ‘ಬುಧ್’ ಎಂದರೆ ಎಚ್ಚರಾಗು, ತಿಳಿ. ಬೋಧನವೆಂದರೆ ಎಚ್ಚರಿಸುವುದು, ತಿಳಿಯುವಂತೆ ಮಾಡುವುದು. ಎದುರಿನವರು ಎಚ್ಚರಾಗದಿದ್ದರೆ ಬೋಧನೆ ನಡೆದೇ ಇಲ್ಲ; ನಡೆದದ್ದು ಬರಿಯ ಭಾಷಣ. ಅವರು ಎಚ್ಚರಾದರೋ ಇಲ್ಲವೋ ಎಂದು ನೋಡುವ ಕೆಲಸವೇ ಶೋಧನೆ. ಹೀಗೆ ಒಂದಕ್ಕೊಂದು ಅಂಟಿಕೊಂಡ ಎರಡನ್ನು ನಮ್ಮ ಕಡತಗಳು ಬೇರೆ ಬೇರೆ ಅಂಕಣಗಳಲ್ಲಿ ಕೂರಿಸಿವೆ. ಅಧ್ಯಾಪಕರ ಸಾಧನೆಯನ್ನು ಅಳೆಯಲು ಯುಜಿಸಿ 2010ರ ನಿಯಮಗಳಲ್ಲಿ ತಂದ ಎ.ಪಿ.ಐ. ಅಂಕಗಳಲ್ಲಿ ಬೋಧನೆ ಮೊದಲನೆಯ ವರ್ಗವಾಗಿತ್ತು, ಸಂಶೋಧನೆ ಮೂರನೆಯದಾಗಿತ್ತು. ಬಡ್ತಿಗಾಗಿ ಆ ನಮೂನೆ ತುಂಬಿದ ಅಧ್ಯಾಪಕರಿಗೆ ತಮ್ಮ ತರಗತಿಯೇ ಸಂಶೋಧನೆಯ ಕ್ಷೇತ್ರವಾಗಬಹುದೆಂದು ಹೊಳೆಯುವುದಾದರೂ ಹೇಗೆ?

ಹೊರದೇಶಗಳಲ್ಲಿ ಬೋಧನೆ, ಸಂಶೋಧನೆಗಳ ನಡುವಿನ ಈ ಗೋಡೆಯನ್ನು ಕೆಡವಲು ನಡೆದ ಯತ್ನಗಳಿಗೆ ದೀರ್ಘ ಇತಿಹಾಸವಿದೆ. ನಮ್ಮ ಬಿ.ಎಡ್. ಪಠ್ಯಗಳಲ್ಲಿ ‘ಕ್ರಿಯಾ ಸಂಶೋಧನೆ’ ಎಂದು ಬರುವ ಮಾತಿನ ಮೂಲ ಅಮೆರಿಕದಲ್ಲಿದ್ದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲಿ ಪ್ರಕಟಿಸಿದ ಲೇಖನದಲ್ಲಿದೆ. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ಶಿಕ್ಷಕರೇ ಸಂಶೋಧಕರಾಗಬೇಕೆಂದು ವಾದಿಸಿದರು. 1990ರಲ್ಲಿ ಅಮೆರಿಕದ ಅರ್ನೆಸ್ಟ್ ಬಾಯರ್ ಅನ್ವೇಷಣೆಯಷ್ಟೇ ಬೋಧನೆಯೂ ವಿದ್ವತ್ತಿನ ಒಂದು ಬಗೆಯೆಂದು ವಿಶ್ವವಿದ್ಯಾಲಯಗಳಿಗೆ ಹೇಳಿದರು. ಆದರೆ ಇವರೆಲ್ಲರ ಸಿದ್ಧಾಂತಕ್ಕಿಂತ ಒಬ್ಬ ಭೌತಶಾಸ್ತ್ರದ ಮೇಷ್ಟರ ಕಥೆ ನನ್ನನ್ನು ಹೆಚ್ಚು ಅಲುಗಿಸಿತು.

ಎರಿಕ್ ಮಝೂರ್ 1984ರಿಂದ ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದರು. ವಿದ್ಯಾರ್ಥಿಗಳು ಅವರನ್ನು ಮೆಚ್ಚಿಕೊಂಡಿದ್ದರು, ಪರೀಕ್ಷೆಯ ಕಠಿಣ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಸೂತ್ರ ಬಲ್ಲ ವಿದ್ಯಾರ್ಥಿಗಳೂ ಬಲ ಮತ್ತು ಚಲನೆಯ ಬಗ್ಗೆ ತಮ್ಮ ಹಳೆಯ ನಂಬಿಕೆಗಳನ್ನು ಬಿಟ್ಟಿರುವುದಿಲ್ಲ ಎಂಬ ಅಧ್ಯಯನವೊಂದನ್ನು 1990ರಲ್ಲಿ ಓದಿದ ಅವರು, ತಮ್ಮ ತರಗತಿ ಹಾಗಿಲ್ಲವೆಂದು ತೋರಿಸಲು ಅದೇ ಸರಳ ಪ್ರಶ್ನೆಗಳನ್ನು ಕೊಟ್ಟರು. ಭಾರದ ಲಾರಿ ಹಗುರ ಕಾರಿಗೆ ಡಿಕ್ಕಿ ಹೊಡೆದಾಗ ಯಾವುದರ ಮೇಲೆ ಎಷ್ಟು ಬಲ ಬೀಳುತ್ತದೆ ಎಂಬಂಥ ಪ್ರಶ್ನೆಗಳು ಅವು. ಉತ್ತರವನ್ನು ನೀವು ಕಲಿಸಿದಂತೆ ಬರೆಯಬೇಕೋ ಅಥವಾ ನಾನು ಯೋಚಿಸುವಂತೆ ಬರೆಯಬೇಕೋ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅವಳ ಪ್ರಶ್ನೆಯಲ್ಲೇ ಫಲಿತಾಂಶವಿತ್ತು. ಮಝೂರ್ ಪ್ರಶ್ನೆಪತ್ರಿಕೆಯನ್ನೋ ವಿದ್ಯಾರ್ಥಿಗಳನ್ನೋ ದೂರುವುದರಲ್ಲಿ ನಿಲ್ಲಲಿಲ್ಲ. ಉಪನ್ಯಾಸದ ನಡುವೆ ಪ್ರಶ್ನೆ ಇಟ್ಟು, ವಿದ್ಯಾರ್ಥಿಗಳು ಮೊದಲು ಒಬ್ಬೊಬ್ಬರೇ ಉತ್ತರಿಸಿ, ಪಕ್ಕದವರ ಜೊತೆ ವಾದಿಸಿ, ಮತ್ತೆ ಉತ್ತರಿಸುವ ಪದ್ಧತಿಯನ್ನು ಬೆಳೆಸಿದರು. ಅದು ಕೆಲಸ ಮಾಡಿತೇ ಎಂದು ವರ್ಷ ವರ್ಷವೂ ಅಳೆದರು; ಹತ್ತು ವರ್ಷಗಳ ಲೆಕ್ಕವನ್ನು ಕ್ಯಾಥರೀನ್ ಕ್ರೌಚ್ ಅವರೊಂದಿಗೆ 2001ರಲ್ಲಿ ಪ್ರಕಟಿಸಿದರು. ಹುಡುಕಿದ್ದು, ಸೋಸಿದ್ದು, ತಿದ್ದಿದ್ದು ಎಲ್ಲವೂ ತಮ್ಮದೇ ಪಾಠವನ್ನು. ಸಂಶೋಧನೆ ಎಂಬ ಪದದ ಯಾವ ಅರ್ಥವೂ ಇಲ್ಲಿ ಹೊರಗುಳಿದಿಲ್ಲ.

ನಮ್ಮಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗುವವರಿಗೆ ಕ್ರಿಯಾ ಸಂಶೋಧನೆಯ ಪರಿಚಯವಿರುತ್ತದೆ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ, ಅಂದರೆ ಡಯಟ್‌ಗಳ, ಕೆಲಸಗಳಲ್ಲಿ ಅದೂ ಒಂದು. ಡಿಗ್ರಿ ಕಾಲೇಜಿನ, ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಬಿ.ಎಡ್. ಬೇಕಿಲ್ಲ, ನೆಟ್ ಇಲ್ಲವೇ ಪಿಎಚ್‌.ಡಿ. ಇದ್ದರೆ ತರಗತಿಗೆ ಕಾಲಿಡಬಹುದು. ಹಾಗಾಗಿ ಪದವಿ ದೊಡ್ಡದಾದಷ್ಟೂ ಈ ಅಭ್ಯಾಸ ದೂರವಾಗುತ್ತದೆ. 1986ರ ಶಿಕ್ಷಣ ನೀತಿಯ ನಂತರ ಹುಟ್ಟಿದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು, ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಇದ್ದಂಥವು, ಈ ಕೊರತೆಯನ್ನು ತುಂಬಬೇಕಿತ್ತು. ಅವುಗಳ ಹೆಸರು ಎರಡು ಸಲ ಬದಲಾಗಿ ಈಗ ಮಾಲವೀಯ ಮಿಷನ್ ಕೇಂದ್ರಗಳೆಂದಾಗಿದೆ. ಓರಿಯೆಂಟೇಷನ್, ರಿಫ್ರೆಶರ್ ಎಂದು ವಾರಗಟ್ಟಲೆ ಉಪನ್ಯಾಸ ಕೇಳಿ ಸರ್ಟಿಫಿಕೇಟು ಪಡೆದು ಮರಳುವುದು ಮಾತ್ರ ಬಹುಮಟ್ಟಿಗೆ ಹಾಗೇ ಉಳಿದಿದೆ. ಅಧ್ಯಾಪಕರು ತಮ್ಮ ತರಗತಿಯ ಒಂದು ಪ್ರಶ್ನೆಯನ್ನು ಹೊತ್ತು ಬಂದು, ಅದನ್ನು ಸಹೋದ್ಯೋಗಿಗಳ ಮುಂದೆ ಸೋಸಿ, ಒಂದು ಸೆಮಿಸ್ಟರ್ ಪರೀಕ್ಷಿಸಿ, ಪುರಾವೆಯೊಂದಿಗೆ ಮತ್ತೆ ಬರುವಂತಾದರೆ ಅದೇ ನಿಜವಾದ ನೆರವು.

ಪ್ರಶ್ನೆ ಚಿಕ್ಕದಿರಬೇಕು. ಸ್ಟಾಫ್ ರೂಮಿನಲ್ಲಿ ದಿನವೂ ಕೇಳುವ ‘ಇವರಿಗೆ ಬೇಸಿಕ್ಸೇ ಇಲ್ಲ’ ಎಂಬ ತೀರ್ಪಿನಿಂದಲೇ ಶುರು ಮಾಡಬಹುದು. ಗಣಿತ ಕಲಿಸುತ್ತಿದ್ದ ಯೂರಿ ಟ್ರೈಸ್‌ಮನ್ 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, ಕಲನಶಾಸ್ತ್ರದಲ್ಲಿ ಸೋಲುತ್ತಿದ್ದ ಕಪ್ಪು ವಿದ್ಯಾರ್ಥಿಗಳ ಬಗ್ಗೆ ಅಧ್ಯಾಪಕರನ್ನು ಕೇಳಿದಾಗಲೂ ಇಂಥದೇ ಉತ್ತರಗಳು ಬಂದವು: ಆಸಕ್ತಿ ಇಲ್ಲ, ತಯಾರಿ ಇಲ್ಲ, ಮನೆಯ ಬೆಂಬಲವಿಲ್ಲ. ಅವರು 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದವರನ್ನೂ ಓದುವ ಜಾಗಕ್ಕೇ ಹೋಗಿ ಗಮನಿಸಿದರು. ಆ ಯಾವ ವಿವರಣೆಯೂ ನಿಲ್ಲಲಿಲ್ಲ. ಮೊದಲನೆಯವರು ಒಂಟಿಯಾಗಿ ಓದುತ್ತಿದ್ದರು, ಎರಡನೆಯವರು ಗುಂಪಾಗಿ. ಅದರಿಂದ ಹುಟ್ಟಿದ ಕಾರ್ಯಾಗಾರದಲ್ಲಿ ಕಠಿಣ ಲೆಕ್ಕಗಳನ್ನು ಒಟ್ಟಿಗೆ ಕುಳಿತು ಬಿಡಿಸಿದ ವಿದ್ಯಾರ್ಥಿಗಳ ಫಲಿತಾಂಶ ಬದಲಾಯಿತು. ಕನ್ನಡ ಮಾಧ್ಯಮದಿಂದ ಬಂದು ಬಿ.ಎಸ್‌ಸಿ. ಮೊದಲ ಸೆಮಿಸ್ಟರಿನಲ್ಲಿ ಮೌನವಾಗುವ ಹುಡುಗಿಯರು ತೊಡರುವುದು ವಿಷಯದಲ್ಲೋ, ಇಂಗ್ಲಿಷಿನಲ್ಲೋ, ಕೇಳುವ ಸಂಕೋಚದಲ್ಲೋ ಎಂದು ಅವರ ಅಧ್ಯಾಪಕರೇ ಬಿಡಿಸಿ ನೋಡಬಹುದು. ತರಗತಿಯ ಕೊನೆಯಲ್ಲಿ, ಇಂದು ಅರ್ಥವಾಗದೆ ಉಳಿದದ್ದು ಯಾವುದು ಎಂದು ಹೆಸರಿಲ್ಲದ ಚೀಟಿಯಲ್ಲಿ, ಬೇಕಾದ ಭಾಷೆಯಲ್ಲಿ ಬರೆಸಿಕೊಂಡರೂ ಸಾಕು, ಕೆಲಸ ಶುರುವಾದಂತೆ.

ಇಲ್ಲಿ ಎಚ್ಚರವೂ ಬೇಕು. ಇಂಟರ್ನಲ್ಸ್ ಅಂಕ ಕೊಡುವ ಕೈಯೇ ಪ್ರಶ್ನೆ ಕೇಳುವಾಗ ವಿದ್ಯಾರ್ಥಿಗೆ ‘ಇಲ್ಲ’ ಎನ್ನುವುದು ಸುಲಭವಲ್ಲ. ಒಪ್ಪಿಗೆ ಕೇಳುವುದು, ಹೆಸರು ಮರೆಸುವುದು, ಅಂಕಕ್ಕೂ ಇದಕ್ಕೂ ನಂಟಿಲ್ಲವೆಂದು ನಂಬುವಂತೆ ನಡೆದುಕೊಳ್ಳುವುದು ಇವನ್ನು ಬಿಟ್ಟರೆ ಅದು ಪೊಲೀಸರ ಶೋಧವಾದೀತು. ಕನ್ನಡ ಬೈಬಲ್ಲಿನಲ್ಲಿ ‘ಶೋಧನೆ’ ಎಂದರೆ ಮನುಷ್ಯ ಎದುರಿಸಬೇಕಾದ ಪರೀಕ್ಷೆ. ತರಗತಿಯ ಸಂಶೋಧನೆಯಲ್ಲಿ ಆ ಪರೀಕ್ಷೆಗೆ ಕೂರುವವರು ಅಧ್ಯಾಪಕರು.

ಕೂರುವ ಧೈರ್ಯ ಬರಬೇಕಾದರೆ ಸಂಸ್ಥೆಯೂ ಜೊತೆಗಿರಬೇಕು. ನಾನು ಹೀಗೆ ಕಲಿಸಿ ನೋಡಿದೆ, ಫಲ ಸಿಗಲಿಲ್ಲ, ಕಾರಣ ಇದಿರಬಹುದು ಎಂಬ ನಾಲ್ಕು ಪುಟದ ಪ್ರಾಮಾಣಿಕ ವರದಿಯನ್ನು ಕನ್ನಡದಲ್ಲೇ ಬರೆದು ವಿಭಾಗದ ಸಭೆಯಲ್ಲಿ ಓದಲು ಸಾಧ್ಯವಾಗಬೇಕು. ಬಡ್ತಿಯ ಕಡತದಲ್ಲಿ ಅದು ಸಂಶೋಧನೆಯ ಅಂಕಣದಲ್ಲೇ ದಾಖಲಾಗಬೇಕು.